ಬೆಂಗಳೂರಿನ ಹೆಸರಿನ ಬಗ್ಗೆ ಒಂದೊಂದು ಕಡೆ ಒಂದೊಂದು ಮಾತು: ಯಾವ ಆಕರವನ್ನು ಎಷ್ಟು ನಂಬಬೇಕು?

ಕೆರೆಕೋಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ‘ಬೆಂಗಳೂರು ಎಂಬ ಹೆಸರು ಮತ್ತು ಬೇಗೂರಿನ ಶಾಸನ’ ಎಂಬ ವಿಷಯ, ಸುಮಾರು 40 ಪುಟ. ಆಕರಗಳಿಗೇನೂ ಬರವಿಲ್ಲ, ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅನ್ನುವುದೇ ತೊಂದರೆ.

ಹೊಯ್ಸಳ ದೊರೆ ಎರಡನೇ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಊರು ‘ಬೆಂದಕಾಳೂರು’ ಆಯಿತು ಎಂಬ ಕಥೆ ಪುರವಣಿ ಲೇಖನ, ಪ್ರವಾಸಿ ಕೈಪಿಡಿ, ಯೂಟ್ಯೂಬ್ ಎಲ್ಲ ಸೇರಿ 14 ಕಡೆ ಸಿಕ್ಕಿದೆ. ‘ಬೆಂಗಾವಲೂರು’, ಅಂದರೆ ಕಾವಲಿನವರ ಊರು ಎನ್ನುವುದು 5 ಕಡೆ ಇದೆ. ಬೇಂಗೆ ಮರದಿಂದ ಹೆಸರು ಬಂತು ಎನ್ನುವುದು 3 ಕಡೆ. ಬೇಗೂರಿನಲ್ಲಿ ಸುಮಾರು 890ರ ಶಾಸನವಿದೆ, ಅದರಲ್ಲೇ ಊರ ಹೆಸರು ಬಂದಿದೆ ಎಂದು ವಿಕಿಪೀಡಿಯದಲ್ಲೂ ಒಂದು ಪಿಎಚ್.ಡಿ. ಪ್ರಬಂಧದಲ್ಲೂ ಇದೆ. ಇದರ ಜೊತೆಗೆ ಆನ್‌ಲೈನ್ ಜರ್ನಲ್ ಒಂದರ 6 ಪುಟದ ಲೇಖನ ಇದೆ. ಅದಕ್ಕೆ ಐಎಸ್‌ಎಸ್‌ಎನ್ ಸಂಖ್ಯೆ ಇದೆ, ‘ಅಂತಾರಾಷ್ಟ್ರೀಯ’ ಅಂತ ಹೆಸರೂ ಇದೆ.

ಕೇಳಬೇಕಾದ್ದು ಮೂರು. 14 ಕಡೆ ಇರುವುದನ್ನು ಬಿಟ್ಟು 2 ಕಡೆ ಇರುವುದನ್ನು ಹಿಡಿಯುವುದಕ್ಕೆ ಕಾರಣ ಏನೆಂದು ಬರೆಯಲಿ? ಶಾಸನಗಳನ್ನು ಅಚ್ಚು ಮಾಡಿದ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ನೂರು ವರ್ಷ ಹಳೆಯದು, ಅದಕ್ಕಿಂತ ಹೊಸ ಲೇಖನವೇ ಮೇಲಲ್ಲವೇ? ‘ಸುಮಾರು 890’ ಎಂಬುದನ್ನು ಎಷ್ಟು ಗಟ್ಟಿಯಾಗಿ ಹೇಳಬಹುದು?

---

ಪಡಿಯಚ್ಚು ಉತ್ತರ:

14 ಮತ್ತು 2 ಎಂಬ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಎಷ್ಟು ಜನ ಹೇಳಿದ್ದಾರೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ, ಎಷ್ಟು ಜನ ತಾವೇ ನೋಡಿ ಹೇಳಿದ್ದಾರೆ ಎಂಬುದನ್ನು ಎಣಿಸಬೇಕು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಹೇಳಿಕೆ ಏನು, ಎಲ್ಲಿ ಬಂದಿದೆ, ಅವರು ಯಾವ ಆಧಾರ ಕೊಡುತ್ತಾರೆ, ಆ ಆಧಾರವನ್ನು ಕಣ್ಣಾರೆ ಕಂಡವರು ಯಾರು. ನಿಮ್ಮ 14ನ್ನೂ ಇದರಲ್ಲಿ ತುಂಬಿ. ಮೂರನೆಯ ಕಾಲಂ ಬಹುಪಾಲು ಖಾಲಿ ಉಳಿಯುತ್ತದೆ, ತುಂಬಿದ ಕಡೆ ‘ಎಂಬ ಪ್ರತೀತಿ ಇದೆ’ ಎಂದಿರುತ್ತದೆ. ನಾಲ್ಕನೆಯ ಕಾಲಂ ಪೂರ್ತಿ ಖಾಲಿ. ಹಾಗಾದಾಗ ಆ 14 ಆಕರವನ್ನು ಒಂದೇ ಆಕರ ಎಂದು ಲೆಕ್ಕ ಹಿಡಿಯಬೇಕು. ಒಂದೇ ಕಥೆ 14 ಸಲ ಅಚ್ಚಾಗಿದೆ, ಅಷ್ಟೆ.

ಈಗ ಕಾಲದ ಪರೀಕ್ಷೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಕಲ್ಲು ಸುಮಾರು 890ರದು, ಗಂಗರ ಕಾಲದ್ದು, ‘ಬೆಂಗಳೂರು ಕಾಳಗ’ದ ಮಾತು ಅದರಲ್ಲಿದೆ. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನ ಮೊದಲೇ ಇದ್ದ ಹೆಸರನ್ನು ಬಲ್ಲಾಳನ ಊಟದಿಂದ ಹುಟ್ಟಿಸಲಾಗದು. ಕಥೆ ಹೇಳಿದವರು ದೊಡ್ಡವರೇ, ಚಿಕ್ಕವರೇ ಎಂಬ ಚರ್ಚೆಯೇ ಇಲ್ಲಿ ಬೇಡ. ಶಾಸನದ ಕಾಲದಲ್ಲಿ ಐವತ್ತೋ ನೂರೋ ವರ್ಷ ಆಚೀಚೆ ಆದರೂ ಈ ವಾದಕ್ಕೆ ಪೆಟ್ಟಿಲ್ಲ. ಪ್ರಬಂಧದಲ್ಲಿ ಬರೆಯಬೇಕಾದ ಕಾರಣ ಇದೇ.

ಆದರೆ ಮುಖ್ಯವಾದ ಎಚ್ಚರ ಇದರ ಮುಂದಿದೆ, ಒಳ್ಳೆಯ ಆಕರ ಸಿಕ್ಕಿದವರು ಎಡವುವುದೂ ಇಲ್ಲೇ. ಆ ಕಲ್ಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬೇರೆಬೇರೆ ಬರೆದುಕೊಳ್ಳಿ. ಹೇಳುವುದು ಇಷ್ಟು: ಬೆಂಗಳೂರು ಎಂಬ ಹೆಸರಿನ ಜಾಗದಲ್ಲಿ ಕಾಳಗವಾಯಿತು, ನಾಗತ್ತರ ಎಂಬವನ ಕಡೆಯವರು ಸತ್ತರು. ಆ ಹೆಸರಿನ ಅರ್ಥವನ್ನು ಅದು ಹೇಳುವುದಿಲ್ಲ. ಆ ಬೆಂಗಳೂರು ಇವತ್ತಿನ ಪೇಟೆ ಇರುವ ಜಾಗವೇ ಎಂದೂ ಹೇಳುವುದಿಲ್ಲ. ಹಾಗಾಗಿ ‘ಬೆಂಗಾವಲೂರು ಎಂಬುದು ಬೇಗೂರು ಶಾಸನದಿಂದ ಸಿದ್ಧವಾಗುತ್ತದೆ’ ಎಂದು ಯಾರಾದರೂ ಬರೆದಿದ್ದರೆ ಅವರು ಕಲ್ಲಿನ ಬಾಯಲ್ಲಿ ತಮ್ಮ ಮಾತನ್ನು ಇಟ್ಟಿದ್ದಾರೆ. ಬೆಂಗಾವಲು, ಬೇಂಗೆ ಮರ, ಎರಡೂ ಊಹೆಗಳು. ವಿದ್ವಾಂಸರು ಹೇಳಿದ ಊಹೆಯೂ ಊಹೆಯೇ. ಕೆಂಪೇಗೌಡರು 1537ರಲ್ಲಿ ಕಟ್ಟಿದರು ಎಂಬುದಕ್ಕೂ ಶಾಸನಕ್ಕೂ ಜಗಳವಿಲ್ಲ. ಅದು ಕೋಟೆ-ಪೇಟೆಯ ಮಾತು, ಇದು ಹೆಸರಿನ ಮಾತು.

ಎಪಿಗ್ರಾಫಿಯಾ ಕರ್ನಾಟಿಕಾ ಹಳೆಯದಾಯಿತೇ ಎಂದಿರಿ. ಶಾಸನದ ಕೆಲಸದಲ್ಲಿ ಪಾಠ ಬೇರೆ, ವ್ಯಾಖ್ಯಾನ ಬೇರೆ. ಪಾಠ ಎಂದರೆ ಕಲ್ಲಿನ ಮೇಲೆ ಯಾವ ಅಕ್ಷರ ಕಂಡಿತು ಎಂಬುದು. ಇದಕ್ಕೆ ಹಳೆಯ ಸಂಪುಟವೇ ಕೆಲವು ಸಲ ಏಕೈಕ ಸಾಕ್ಷಿ, ಏಕೆಂದರೆ ನೂರು ವರ್ಷದಲ್ಲಿ ಕಲ್ಲು ಸವೆದಿರುತ್ತದೆ, ಸುಣ್ಣ ಬಳಿದಿರುತ್ತಾರೆ, ರಸ್ತೆ ಕೆಲಸದಲ್ಲಿ ಕಳೆದೇ ಹೋಗಿರುತ್ತದೆ. ವ್ಯಾಖ್ಯಾನ ಎಂದರೆ ಅದರಿಂದ ಏನು ತಿಳಿಯುತ್ತದೆ ಎಂಬುದು. ಇದರಲ್ಲಿ ಆಮೇಲಿನ ವಿದ್ವಾಂಸರ ಮಾತಿಗೆ ಹೆಚ್ಚು ತೂಕ, ಅವರ ಕೈಯಲ್ಲಿ ಹೋಲಿಸಲು ಹೆಚ್ಚು ಶಾಸನಗಳಿವೆ. ಒಂದೇ ಪುಸ್ತಕವನ್ನು ಒಂದಕ್ಕೆ ನಂಬಿ ಇನ್ನೊಂದಕ್ಕೆ ನಂಬದೇ ಇರಬಹುದು.

ಸಂಪುಟವನ್ನು ಕೈಗೆತ್ತಿಕೊಂಡಾಗ:

ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೊದಲು ತಂದ ಬಿ.ಎಲ್. ರೈಸ್ ಅವರ ಮೂಲ ಸಂಪುಟಗಳಲ್ಲಿ ಒಂದೇ ಶಾಸನ ಮೂರು ಕಡೆ ಇರುತ್ತದೆ: ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ಹೆಚ್ಚಿನವರು ಅನುವಾದ ಮಾತ್ರ ಓದಿ ಅಡಿಟಿಪ್ಪಣಿ ಹಾಕುತ್ತಾರೆ. ನೀವು ಕನ್ನಡ ಪಾಠ ಓದಿ. ಅನುವಾದದಲ್ಲಿ ಸರಾಗವಾಗಿ ಹರಿಯುವ ವಾಕ್ಯ ಪಾಠದಲ್ಲಿ ಅರ್ಧಕ್ಕೇ ನಿಂತು ಚುಕ್ಕಿಗಳಾಗಿರುವುದು ಉಂಟು.

ಚುಕ್ಕಿ, ಆವರಣ ಚಿಹ್ನೆಗಳು ಅಲಂಕಾರಕ್ಕಲ್ಲ. ಅಳಿದ ಅಕ್ಷರ, ಸಂಪಾದಕರು ಊಹಿಸಿ ತುಂಬಿದ ಅಕ್ಷರ, ತಿದ್ದಿದ ಅಕ್ಷರ, ಇವನ್ನು ಚಿಹ್ನೆಗಳಿಂದ ತೋರಿಸುತ್ತಾರೆ. ಯಾವ ಚಿಹ್ನೆಗೆ ಯಾವ ಅರ್ಥ ಎಂಬುದು ಸಂಪಾದಕರಿಂದ ಸಂಪಾದಕರಿಗೆ ಬದಲಾಗುವುದರಿಂದ ಮುನ್ನುಡಿಯಲ್ಲಿ ಕೊಟ್ಟ ಸಂಕೇತಗಳನ್ನು ಮೊದಲು ಓದಿ. ನಿಮ್ಮ ವಾದ ನಿಂತಿರುವ ಪದವೇ ಆವರಣದೊಳಗೆ ಇದ್ದರೆ, ಆ ವಾದ ಕಲ್ಲಿನ ಮೇಲೆ ನಿಂತಿಲ್ಲ, ಸಂಪಾದಕರ ಊಹೆಯ ಮೇಲೆ ನಿಂತಿದೆ.

ರೈಸ್ ಸಂಪುಟದಲ್ಲಿ ಸಿಗಲಿಲ್ಲ ಎಂದು ‘ಇಲ್ಲ’ ಎಂದು ಬರೆಯಬೇಡಿ. ಅವರ ನಂತರ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಮೊದಲಾದವರ ಕಾಲದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹೊಸ ಶಾಸನಗಳು ರಾಶಿ ರಾಶಿ ಇವೆ.

ಕೊನೆಗೆ ಸಂಖ್ಯೆಯ ಗೊಂದಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿದೆ, ಅಲ್ಲಿ ಸಂಪುಟದ ಹಂಚಿಕೆಯೇ ಬೇರೆ. ರೈಸ್ ಅವರ 9ನೇ ಸಂಪುಟ ಬೆಂಗಳೂರು ಜಿಲ್ಲೆ, ಪರಿಷ್ಕೃತ 9ನೇ ಸಂಪುಟ ಬೇಲೂರು. ‘ಎ.ಕ. 9’ ಎಂದಷ್ಟೇ ಬರೆದರೆ ಓದುವವರು ಬೇಲೂರಿನಲ್ಲಿ ಬೇಗೂರನ್ನು ಹುಡುಕುತ್ತಾರೆ. ಹಳೆಯದೋ ಪರಿಷ್ಕೃತವೋ, ಇಸವಿ, ತಾಲ್ಲೂಕಿನ ಸಂಕ್ಷೇಪ, ಶಾಸನದ ಸಂಖ್ಯೆ, ನಾಲ್ಕೂ ಬೇಕು.

---

ಸೂಚಿಪೆಟ್ಟಿಗೆ ಉತ್ತರ:

ಪಡಿಯಚ್ಚು ಅವರು ಶಾಸನದ ಭಾಗ ಹೇಳಿದ್ದಾರೆ. ನಾನು ಆ 6 ಪುಟದ ಲೇಖನ, ಪಿಎಚ್.ಡಿ. ಪ್ರಬಂಧ, ವಿಕಿಪೀಡಿಯ ಇಷ್ಟನ್ನು ಹೇಳುತ್ತೇನೆ.

ಐಎಸ್‌ಎಸ್‌ಎನ್ ಎಂಬುದು ಗುಣಮಟ್ಟದ ಮುದ್ರೆ ಅಲ್ಲ. ನಿಯತಕಾಲಿಕವನ್ನು ಗುರುತಿಸುವ 8 ಅಂಕಿಯ ಸಂಖ್ಯೆ ಅಷ್ಟೆ. ಅರ್ಜಿ ಹಾಕಿದರೆ ಸಿನಿಮಾ ಪತ್ರಿಕೆಗೂ ಸಿಗುತ್ತದೆ. ಆದರೂ ಅದರಿಂದ ಒಂದು ಉಪಯೋಗವಿದೆ: ಸುಳ್ಳು ಸಂಖ್ಯೆ ಹಾಕಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮೊದಲ 7 ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಉಳಿದದ್ದನ್ನು 11ರಿಂದ ಕಳೆಯಿರಿ. ಬಂದದ್ದೇ 8ನೇ ಅಂಕಿ ಆಗಿರಬೇಕು. 10 ಬಂದರೆ ಆ ಜಾಗದಲ್ಲಿ ಎಕ್ಸ್ ಇರುತ್ತದೆ, ಶೇಷ ಸೊನ್ನೆಯಾದರೆ 0 ಇರುತ್ತದೆ. ‘ನೇಚರ್’ ಪತ್ರಿಕೆಯದು 0028-0836. ಮೊದಲ 7 ಅಂಕಿಗೆ ಮೊತ್ತ 12+40+24+6, ಅಂದರೆ 82. 11ರಿಂದ ಭಾಗಿಸಿದರೆ ಶೇಷ 5, 11ರಲ್ಲಿ 5 ಕಳೆದರೆ 6, ಕೊನೆಯ ಅಂಕಿ 6. ಸರಿಹೋಯಿತು. ಲೆಕ್ಕ ಸರಿಯಿದ್ದರೂ ಅಲ್ಲಿಗೇ ನಿಲ್ಲಬೇಡಿ, ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಅಲ್ಲಿ ಬರುವ ಪತ್ರಿಕೆಯ ಹೆಸರು, ದೇಶ, ಪ್ರಕಾಶಕರು ನಿಮ್ಮ ಲೇಖನದ ತಾಣಕ್ಕೆ ಹೊಂದಬೇಕು. ಒಳ್ಳೆಯ ಪತ್ರಿಕೆಯ ಹೆಸರು ಮತ್ತು ಸಂಖ್ಯೆ ಎರಡನ್ನೂ ಕದ್ದು ತದ್ರೂಪಿ ತಾಣ ಮಾಡುವವರಿದ್ದಾರೆ. ಅಂಥ ಕಡೆ ಲೆಕ್ಕವೂ ಸರಿ, ಹೆಸರೂ ಸರಿ, ತಾಣದ ವಿಳಾಸ ಮಾತ್ರ ಬೇರೆ.

‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂದು ಈಗಲೂ ಮುಖಪುಟದಲ್ಲಿ ಹಾಕಿಕೊಂಡ ಪತ್ರಿಕೆಗಳಿವೆ. ಯುಜಿಸಿ ಒಪ್ಪಿದ ಸಂಶೋಧನ ಪತ್ರಿಕೆಗಳ ಆ ಪಟ್ಟಿ 2019ರಲ್ಲಿ ಬಂತು, 2025ರ ಫೆಬ್ರುವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟಿತು. ಆದ್ದರಿಂದ ಈಗ ಪಟ್ಟಿ ನೋಡಿ ತೀರ್ಮಾನಿಸುವಂತಿಲ್ಲ, ಲೇಖನವನ್ನೇ ನೋಡಬೇಕು. ನೋಡುವುದು ಹೀಗೆ. ಅದೇ ಸಂಚಿಕೆಯ ವಿಷಯಸೂಚಿ ತೆರೆಯಿರಿ. ಶಾಸನದ ಲೇಖನದ ಪಕ್ಕದಲ್ಲಿ ಮೀನು ಸಾಕಣೆ, ಅದರ ಪಕ್ಕ ಜಿಎಸ್‌ಟಿ, ಅದರ ಪಕ್ಕ ಯೋಗ ಇದ್ದರೆ, ಶಾಸನ ಬಲ್ಲ ಪರಿಶೀಲಕರು ಆ ಪತ್ರಿಕೆಗೆ ಎಲ್ಲಿಂದ ಬಂದಾರು? ಲೇಖನ ತಲುಪಿದ ದಿನ, ತಿದ್ದಿ ಬಂದ ದಿನ, ಒಪ್ಪಿದ ದಿನ ಹಾಕಿದ್ದಾರೆಯೇ? ತಲುಪಿದ ಮೂರೇ ದಿನಕ್ಕೆ ಒಪ್ಪಿದ್ದರೆ ಯಾರೂ ಓದಿಲ್ಲ. ಸಂಪಾದಕ ಮಂಡಳಿಯಲ್ಲಿ ಇರುವವರ ವಿಶ್ವವಿದ್ಯಾನಿಲಯದ ಪುಟಕ್ಕೆ ಹೋಗಿ, ಅವರೂ ಆ ಪತ್ರಿಕೆಯ ಹೆಸರು ಹೇಳುತ್ತಾರೆಯೇ ನೋಡಿ. ಲೇಖಕರಿಂದ ಹಣ ಪಡೆಯುವುದೊಂದನ್ನೇ ಹಿಡಿದು ತಳ್ಳಿಹಾಕಬೇಡಿ, ಮುಕ್ತವಾಗಿ ಓದಲು ಕೊಡುವ ಒಳ್ಳೆಯ ಪತ್ರಿಕೆಗಳಲ್ಲೂ ಶುಲ್ಕವಿದೆ.

ಪತ್ರಿಕೆ ಹೇಗೇ ಇರಲಿ, ಲೇಖನಕ್ಕೆ ಅಡಿಟಿಪ್ಪಣಿ ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ಮೂರು ಟಿಪ್ಪಣಿ ಆರಿಸಿ, ಆ ಪುಸ್ತಕದ ಆ ಪುಟಕ್ಕೆ ಹೋಗಿ. ಮೂರರಲ್ಲಿ ಒಂದು ತಪ್ಪಿದರೆ ಇನ್ನೂ ಐದು ನೋಡಿ. ಬರೀ ಪುಟಸಂಖ್ಯೆ ಆಚೀಚೆ ಆಗಿದ್ದರೆ ಅದು ಅಜಾಗರೂಕತೆ. ಪುಟದಲ್ಲಿ ಆ ಮಾತೇ ಇಲ್ಲದಿದ್ದರೆ ಲೇಖಕರು ಪುಸ್ತಕ ತೆರೆದಿಲ್ಲ, ಬೇರೆಯವರ ಟಿಪ್ಪಣಿ ಎತ್ತಿಟ್ಟಿದ್ದಾರೆ. ಪುಸ್ತಕವೇ ಇಲ್ಲದಿದ್ದರೆ, ಈಗ ಇದೂ ಹೆಚ್ಚುತ್ತಿದೆ, ಎಐ ಹುಟ್ಟಿಸಿದ ಉಲ್ಲೇಖ. ಹೆಸರು ನಿಜ, ಪತ್ರಿಕೆ ನಿಜ, ಇಸವಿಯೂ ಒಪ್ಪುವಂತಿರುತ್ತದೆ, ಆದರೆ ಆ ಸಂಚಿಕೆಯ ಆ ಪುಟದಲ್ಲಿ ಬೇರೆಯೇ ಲೇಖನ. ಡಿಒಐ, ಅಂದರೆ ಲೇಖನವನ್ನು ಗುರುತಿಸುವ ಕಾಯಂ ಸಂಖ್ಯೆ, ಕೊಟ್ಟಿದ್ದರೆ ಅದನ್ನು ಡಿಒಐ ತಾಣದಲ್ಲೇ ಅಂಟಿಸಿ ನೋಡಿ. ಅದೇ ಲೇಖನ ತೆರೆಯಬೇಕು.

ಪಿಎಚ್.ಡಿ. ಪ್ರಬಂಧ ಶೋಧಗಂಗಾದಲ್ಲಿ, ಅಂದರೆ ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ, ಸಿಕ್ಕಿರಬೇಕು. ಅದರಲ್ಲಿ ಹೆಚ್ಚು ಬೆಲೆ ಬಾಳುವುದು ಅನುಬಂಧ ಮತ್ತು ಗ್ರಂಥಸೂಚಿ. ಕ್ಷೇತ್ರಕಾರ್ಯದ ಫೋಟೋ, ಹೊಸ ಪಾಠ ಇದ್ದರೆ ಅದು ಮೂಲ ಆಕರದಷ್ಟೇ ಮುಖ್ಯ. ಮೊದಲ ಎರಡು ಅಧ್ಯಾಯ, ಅಂದರೆ ‘ಭೌಗೋಳಿಕ ಹಿನ್ನೆಲೆ’, ‘ರಾಜಕೀಯ ಇತಿಹಾಸ’, ಬಹಳ ಸಲ ಬೇರೆ ಪುಸ್ತಕಗಳ ಸಾರ. ಅಲ್ಲಿಂದ ಉಲ್ಲೇಖಿಸಬೇಡಿ, ಅವರು ತೆಗೆದುಕೊಂಡ ಕಡೆಗೆ ಹೋಗಿ.

ವಿಕಿಪೀಡಿಯವನ್ನು ಕೆಳಗಿನಿಂದ ಮೇಲಕ್ಕೆ ಓದಿ: ಮೊದಲು ಉಲ್ಲೇಖಗಳು, ಆಮೇಲೆ ‘ಇತಿಹಾಸ’ ಮತ್ತು ‘ಚರ್ಚೆ’ ಪುಟ, ಕೊನೆಗೆ ಲೇಖನ. ಒಂದು ವಾಕ್ಯ ಯಾವ ದಿನ ಸೇರಿತು ಎಂದು ಇತಿಹಾಸ ಪುಟದಲ್ಲಿ ತಿಳಿಯುತ್ತದೆ. ವಾಕ್ಯ 2012ರಲ್ಲಿ ಸೇರಿ, ಅದಕ್ಕೆ ಆಧಾರವಾಗಿ ಕೊಟ್ಟ ಪತ್ರಿಕಾ ಲೇಖನ 2014ರದ್ದಾಗಿದ್ದರೆ, ಪತ್ರಿಕೆಯವರು ವಿಕಿಪೀಡಿಯದಿಂದಲೇ ಎತ್ತಿಕೊಂಡಿರುವ ಸಾಧ್ಯತೆ ದೊಡ್ಡದು. ಎರಡು ಆಕರ ಎಂದು ಕಂಡದ್ದು ಒಂದೇ ಬಾವಿಯ ನೀರು.

ಮರುಮುದ್ರಣದ ಇಸವಿಯನ್ನೂ ನೋಡಿ. ರೈಸ್ ಅವರ 1897ರ ಗೆಜೆಟಿಯರ್ ಹೊಸ ರಟ್ಟಿನಲ್ಲಿ ಸಿಗುತ್ತದೆ. ಮರುಮುದ್ರಣದ ಇಸವಿಯನ್ನು ಮಾತ್ರ ಹಾಕಿದರೆ 19ನೇ ಶತಮಾನದ ಅಭಿಪ್ರಾಯ ನಿನ್ನೆ ಮೊನ್ನೆಯ ಸಂಶೋಧನೆಯಂತೆ ಕಾಣುತ್ತದೆ.

---

ತಿಥಿವಾರ ಉತ್ತರ:

‘ಸುಮಾರು 890’ರ ಬಗ್ಗೆ. ಆ ಕಲ್ಲಿನಲ್ಲಿ ಶಕವರ್ಷ ಇಲ್ಲ. ನಾಗತ್ತರ ಗಂಗ ಎರೆಯಪ್ಪನ ಕಾಲದವನು ಎಂಬುದು ಬೇಗೂರಿನದೇ ಇನ್ನೊಂದು ಶಾಸನದಿಂದ ತಿಳಿಯುತ್ತದೆ, ಅಕ್ಷರದ ಆಕಾರವೂ ಆ ಕಾಲಕ್ಕೆ ಹೊಂದುತ್ತದೆ, ಹಾಗಾಗಿ ಆ ಇಸವಿ. ಲಿಪಿಯಿಂದ ಕಟ್ಟಿದ ಕಾಲ ದಶಕದಷ್ಟು ಸೂಕ್ಷ್ಮವಾಗಿರುವುದಿಲ್ಲ. ‘ಸುಮಾರು’ ಎಂಬ ಪದವನ್ನು ಒಂದು ಕಡೆಯೂ ಬಿಡಬೇಡಿ. ‘9ನೇ ಶತಮಾನದ ಕೊನೆಯ ಭಾಗ’ ಎಂದರೆ ಇನ್ನೂ ಒಳ್ಳೆಯದು.

ಕಾಲ ನಮೂದಿಸಿದ ಶಾಸನಗಳು ನಿಮ್ಮ ಪ್ರಬಂಧದಲ್ಲಿ ಬಂದರೆ, ಯಾರ ಮಾತನ್ನೂ ನಂಬದೆ ನೀವೇ ಪರೀಕ್ಷಿಸಬಹುದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಸಂವತ್ಸರದ ಕ್ರಮಸಂಖ್ಯೆ: ಪ್ರಭವ 1, ವಿಭವ 2, ಶುಕ್ಲ 3, ಹೀಗೆ, ಶೇಷ ಸೊನ್ನೆಯಾದರೆ ಅಕ್ಷಯ. ಶಕ 1946ಕ್ಕೆ 12 ಕೂಡಿದರೆ 1958, ಶೇಷ 38, ಕ್ರೋಧಿ. 2024ರ ಯುಗಾದಿಯಿಂದ ನಡೆದದ್ದು ಅದೇ.

ಇದನ್ನು ಹಂಪಿಯ ವಿರೂಪಾಕ್ಷ ದೇಗುಲದ ಕೃಷ್ಣದೇವರಾಯನ ಶಾಸನಕ್ಕೆ ಹಾಕಿ ನೋಡಿ. ಕಲ್ಲಿನಲ್ಲಿರುವುದು ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. 1430ಕ್ಕೆ 12 ಕೂಡಿದರೆ 1442, ಶೇಷ 2, ಅಂದರೆ ವಿಭವ. ಶುಕ್ಲ ಬರಬೇಕಾದರೆ 1431 ಆಗಬೇಕು. ಒಂದು ವರ್ಷದ ಈ ವ್ಯತ್ಯಾಸ ಕಂಡಕೂಡಲೇ ಶಾಸನ ಸುಳ್ಳು ಎನ್ನಬಾರದು. ಶಕವರ್ಷವನ್ನು ‘ಕಳೆದ’ ವರ್ಷವಾಗಿಯೂ ‘ನಡೆಯುವ’ ವರ್ಷವಾಗಿಯೂ ಎಣಿಸುವ ರೂಢಿ ಇದ್ದುದರಿಂದ ಒಂದರ ಏರುಪೇರು ಸಾಮಾನ್ಯ. ಜನರ ಬಾಯಲ್ಲಿ ದಿನನಿತ್ಯ ಇದ್ದದ್ದು ಸಂವತ್ಸರದ ಹೆಸರು, ಹಾಗಾಗಿ ಜಗಳ ಬಂದಾಗ ಸಂವತ್ಸರದ ಕಡೆಗೆ ಒಲವು ಹೆಚ್ಚು. ಇನ್ನು ಕ್ರಿಸ್ತಶಕಕ್ಕೆ ಬದಲಾಯಿಸುವಾಗ ಕಣ್ತಪ್ಪುವ ಜಾಗ: ಎಲ್ಲದಕ್ಕೂ 78 ಕೂಡಿಸಿದರೆ ಆಗದು. ಮಾಘ ಬರುವುದು ಜನವರಿ-ಫೆಬ್ರುವರಿಯಲ್ಲಿ, ಆ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆದ್ದರಿಂದ 79. ಶುಕ್ಲ ಸಂವತ್ಸರದ ಮಾಘ 1510ರ ಜನವರಿಗೆ ಬೀಳುತ್ತದೆ. ಪುಸ್ತಕಗಳಲ್ಲಿ 1509, 1510 ಎಂದು ಎರಡೂ ಕಾಣುವುದಕ್ಕೆ ಕಾರಣ ಇಂಥವೇ.

ತಿಥಿ, ವಾರ ಎರಡೂ ಇದ್ದರೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರ ‘ಇಂಡಿಯನ್ ಎಫಿಮೆರಿಸ್’ ನೋಡಿ, 700ರಿಂದ 1799ರವರೆಗಿನ ದಿನಗಳು ಅದರಲ್ಲಿವೆ. ಶಾಸನ ಸೋಮವಾರ ಎಂದಿದ್ದು ಕೋಷ್ಟಕದಲ್ಲಿ ಗುರುವಾರ ಬಂದರೆ ಪಾಠವನ್ನು ಮತ್ತೊಮ್ಮೆ ನೋಡಬೇಕು. ಅಂಕಿಯೊಂದನ್ನು ತಪ್ಪಾಗಿ ಓದಿರಬಹುದು. ಪಾಠ ಸರಿಯಿದ್ದೂ ತಾಳೆಯಾಗದಿದ್ದರೆ ಕೂಟಶಾಸನದ, ಅಂದರೆ ನಕಲಿ ಶಾಸನದ, ಅನುಮಾನ ಬರುತ್ತದೆ.

ಕೂಟಶಾಸನದ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ‘ಮೂಲ ಆಕರ’ ಎಂದಾಕ್ಷಣ ಸತ್ಯ ಎಂದಲ್ಲ. ಗಂಗ ದೊರೆ ಅವಿನೀತನ ಹೆಸರಿನ ಮಡಿಕೇರಿ ತಾಮ್ರಶಾಸನದಲ್ಲಿ 388ನೇ ವರ್ಷ ಎಂದಿದೆ. ಶಕವರ್ಷ ಎಂದು ಹಿಡಿದರೆ 466. ಆದರೆ ಅದರಲ್ಲಿ ಅಕಾಲವರ್ಷ ಎಂಬ ಬಿರುದು ಬರುತ್ತದೆ, ಅದು ರಾಷ್ಟ್ರಕೂಟ ಕೃಷ್ಣರ ಬಿರುದು, ರಾಷ್ಟ್ರಕೂಟರು ಬಂದದ್ದೇ 8ನೇ ಶತಮಾನದಲ್ಲಿ. ಲಿಪಿಯೂ 5ನೇ ಶತಮಾನದ್ದಲ್ಲ. ಗಂಗರ ತಾಮ್ರಪಟಗಳ ಮೇಲೆ ರೈಸ್ ಮತ್ತು ಜೆ.ಎಫ್. ಫ್ಲೀಟ್ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಫ್ಲೀಟ್ 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೂಟಶಾಸನಗಳನ್ನು ಪಟ್ಟಿಯನ್ನೇ ಮಾಡಿ ಬರೆದರು. ತಾಮ್ರಪಟ ಭೂಮಿಯ ಹಕ್ಕುಪತ್ರ, ಆದ್ದರಿಂದ ಹಳೆಯ ದೊರೆಯ ಹೆಸರಲ್ಲಿ ಹೊಸದಾಗಿ ಬರೆಸುವುದಕ್ಕೆ ಲಾಭದ ಕಾರಣ ಇತ್ತು. ವೀರಗಲ್ಲಿಗೆ ಅಂಥ ಕಾರಣ ಕಡಿಮೆ. ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲು ಅದು. ಯಾರು, ಯಾವ ಲಾಭಕ್ಕೆ ಬರೆಸಿದರು ಎಂಬುದನ್ನು ಪತ್ರಿಕೆಗೆ ಕೇಳುವ ಹಾಗೆ ಶಾಸನಕ್ಕೂ ಕೇಳಬೇಕು.

---

ಹೆಬ್ಬಾಗಿಲು ಉತ್ತರ:

ಮೇಲಿನ ಮೂವರ ಮಾತೂ ಸರಿ, ಆದರೆ ಪತ್ರಿಕೆ ಎಂದರೆ ಪಕ್ಕಕ್ಕೆ ಎಂಬ ಅಭಿಪ್ರಾಯ ಬರಬಾರದು. ಕೆಲವು ವಿಷಯಕ್ಕೆ ಪತ್ರಿಕೆಯೇ ಮೊದಲ ದಾಖಲೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು 750. ಅದು ಬೆಂಗಳೂರಿನಲ್ಲಿ ಈವರೆಗೆ ಗೊತ್ತಿರುವ ಅತಿ ಹಳೆಯ ಕನ್ನಡ ಶಾಸನಗಳ ಸಾಲಿನಲ್ಲಿ ನಿಲ್ಲುತ್ತದೆ. ರೈಸ್ ಸಂಪುಟದಲ್ಲಿ ಅದನ್ನು ಹುಡುಕಿದರೆ ಹೇಗೆ ಸಿಗುತ್ತದೆ? ಯಾವಾಗ, ಎಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದಕ್ಕೆ ಆ ವಾರದ ಪತ್ರಿಕೆಗಳು ಬೇಕೇ ಬೇಕು. ಅದರ ಪಾಠಕ್ಕೆ, ಕಾಲಕ್ಕೆ ಮಾತ್ರ ಶಾಸನತಜ್ಞರ ಲೇಖನಕ್ಕೆ ಹೋಗಬೇಕು. ಅಂದರೆ ಒಂದೇ ವರದಿಯಲ್ಲಿ ವರದಿಗಾರರು ಕಂಡದ್ದು ಒಂದು, ಅವರು ಕೇಳಿ ಬರೆದದ್ದು ಒಂದು, ತಲೆಬರಹ ಕೊಟ್ಟವರು ಸೇರಿಸಿದ್ದು ಇನ್ನೊಂದು. ಮೂರನ್ನೂ ಬೇರೆ ಮಾಡಿ ಓದಿ.

ತಲೆಬರಹದ ತೊಂದರೆಗೆ ತಾಳಗುಂದ ಒಳ್ಳೆಯ ನಿದರ್ಶನ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ 2013-14ರ ಉತ್ಖನನದಲ್ಲಿ ಪ್ರಣವೇಶ್ವರ ದೇಗುಲದ ಬಳಿ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲಿನ ಪಕ್ಕಗಲ್ಲು) ಮೇಲೆ ಶಾಸನ ಸಿಕ್ಕಿತು, ಇಲಾಖೆ ಅದನ್ನು 370ರದೆಂದು ಗುರುತಿಸಿತು. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಸುಮಾರು 450 ಎನ್ನುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದು ‘80 ವರ್ಷ ಹಳೆಯದು’ ಎಂದರೆ ಕೇಳುವುದಕ್ಕೆ ಚೊಕ್ಕವಾಗಿರುತ್ತದೆ. ಆದರೆ ಹಲ್ಮಿಡಿಯ ಕಲ್ಲಿನಲ್ಲಿ ಇಸವಿಯೇ ಇಲ್ಲ. ಕದಂಬ ಕಾಕುಸ್ಥನ ಹೆಸರು ಮತ್ತು ಲಿಪಿಯ ಮೇಲೆ ಕಟ್ಟಿದ ಕಾಲ ಅದು. ಎಂ.ಎಚ್. ಕೃಷ್ಣ 1936ರ ವರದಿಯಲ್ಲಿ ಪ್ರಕಟಿಸಿದ ಮೇಲೆ ಅದರ ಕಾಲವನ್ನು ಹಿಂದಕ್ಕೂ ಮುಂದಕ್ಕೂ ಎಳೆದ ವಿದ್ವಾಂಸರಿದ್ದಾರೆ. ಅಂದಾಜಿನಿಂದ ಅಂದಾಜು ಕಳೆದಾಗ ಎರಡರ ಅನಿಶ್ಚಯವೂ ಉತ್ತರಕ್ಕೆ ಬಂದು ಸೇರುತ್ತದೆ. 80 ಎಂಬ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ.

ಬೆಂದಕಾಳೂರು ಕಥೆಯನ್ನೂ ಪ್ರಬಂಧದಿಂದ ಕಿತ್ತುಹಾಕಬೇಡಿ. ಊರ ಹೆಸರಿಗೆ ಅರ್ಥ ಕಟ್ಟಿಕೊಳ್ಳುವ ಜನಪದ ರೂಢಿಗೆ ಅದು ಒಳ್ಳೆಯ ಸಾಕ್ಷಿ. ಆಗ ನಿಮ್ಮ ಪ್ರಶ್ನೆ ‘ಇದು ನಡೆದದ್ದೇ’ ಎಂಬುದಲ್ಲ, ‘ಇದು ಮೊದಲು ಯಾವಾಗ ಅಚ್ಚಾಯಿತು, ಯಾರು ಹೇಳಿದರು’ ಎಂಬುದು. ಗೆಜೆಟಿಯರ್‌ಗಳನ್ನು ಇಸವಿಯ ಕ್ರಮದಲ್ಲಿ ಇಟ್ಟುಕೊಂಡು ಹಿಂದಕ್ಕೆ ಹೋಗಿ: ಹಯವದನ ರಾಯರದು, ಅದಕ್ಕೂ ಹಿಂದೆ ರೈಸ್ ಅವರದು. ಯಾವ ಆವೃತ್ತಿಯಲ್ಲಿ ಏನಿದೆ, ಏನಿಲ್ಲ ಎಂದು ಸಾಲು ಸಾಲಾಗಿ ಬರೆದರೆ ಅದೇ ಒಂದು ಅಧ್ಯಾಯ.

---

ಕೆರೆಕೋಡಿ:

ಎಲ್ಲರಿಗೂ ತುಂಬ ಧನ್ಯವಾದ. ನಾಲ್ಕು ಕಾಲಂನ ಹಾಳೆ ಮಾಡಿದೆ. 14ರಲ್ಲಿ 11ಕ್ಕೆ ಆಧಾರವೇ ಇಲ್ಲ, 3 ಒಂದನ್ನೊಂದು ಉಲ್ಲೇಖಿಸುತ್ತವೆ. 6 ಪುಟದ ಲೇಖನದ ಮೂರು ಟಿಪ್ಪಣಿಯಲ್ಲಿ ಎರಡು ತಪ್ಪಿದವು, ಅದನ್ನು ಬಿಟ್ಟೆ. ಈಗ ಬರೆದ ವಾಕ್ಯ ಇದು, ತಿದ್ದಿಕೊಡಿ:

‘ಕ್ರಿ.ಶ. 890ರ ಬೇಗೂರು ಶಾಸನದಿಂದ ಬೆಂಗಳೂರು ಗಂಗರ ಕಾಲದ ಪ್ರಮುಖ ನಗರವಾಗಿತ್ತೆಂದೂ, ಬೆಂದಕಾಳೂರು ಎಂಬುದು ಸುಳ್ಳೆಂದೂ ಸಾಬೀತಾಗುತ್ತದೆ.’

---

ಪಡಿಯಚ್ಚು:

ಇದರಲ್ಲಿ ನಾಲ್ಕು ಕಡೆ ಕಲ್ಲಿಗಿಂತ ನೀವು ಹೆಚ್ಚು ಹೇಳಿದ್ದೀರಿ. ‘890’ಕ್ಕೆ ‘ಸುಮಾರು’ ಇಲ್ಲ. ‘ಪ್ರಮುಖ ನಗರ’ ಎಂಬುದು ಕಲ್ಲಿನಲ್ಲಿ ಎಲ್ಲೂ ಇಲ್ಲ, ಕಾಳಗ ನಡೆದ ಜಾಗ ಹಳ್ಳಿಯೂ ಇರಬಹುದು. ‘ಸುಳ್ಳು’ ಎಂಬುದು ಕಥೆಗೆ ಹೇಳುವ ಮಾತಲ್ಲ, ಅದರಲ್ಲಿನ ಕಾಲಕ್ಕೆ ಮಾತ್ರ ಹೇಳಬಹುದು. ‘ಸಾಬೀತು’ ಬೇಡ. ಹೀಗೆ ಬರೆಯಿರಿ:

‘ಬೇಗೂರಿನ ಶಾಸನವೊಂದರಲ್ಲಿ ಬೆಂಗಳೂರು ಕಾಳಗದ ಉಲ್ಲೇಖವಿದೆ. ಶಾಸನದಲ್ಲಿ ಕಾಲದ ನಮೂದಿಲ್ಲ. ನಾಗತ್ತರನ ಹೆಸರು ಮತ್ತು ಲಿಪಿಯ ಆಧಾರದಿಂದ ಅದನ್ನು ಸುಮಾರು 890ರದೆಂದು ಹೇಳಲಾಗಿದೆ. ಆದ್ದರಿಂದ ಈ ಹೆಸರು ಎರಡನೇ ವೀರಬಲ್ಲಾಳನ (1173-1220) ಕಾಲಕ್ಕಿಂತ ಮೊದಲೇ ಬಳಕೆಯಲ್ಲಿತ್ತು. ಹೆಸರಿನ ಅರ್ಥದ ಬಗ್ಗೆ ಶಾಸನದಲ್ಲಿ ಏನೂ ಇಲ್ಲ.’

ಕೊನೆಯ ವಾಕ್ಯವನ್ನು ಮಾರ್ಗದರ್ಶಕರು ಅನಗತ್ಯ ಎನ್ನಬಹುದು, ಆದರೂ ಉಳಿಸಿಕೊಳ್ಳಿ. ಬೆಂಗಾವಲು, ಬೇಂಗೆಗಳ ಅಧ್ಯಾಯ ಶುರುವಾಗುವುದು ಅಲ್ಲಿಂದಲೇ.

---

ಸೂಚಿಪೆಟ್ಟಿಗೆ:

ಇನ್ನೊಂದು. ಶಾಸನದ ಪಾಠವನ್ನು ಪಿಎಚ್.ಡಿ. ಪ್ರಬಂಧದಿಂದ ತೆಗೆದುಕೊಂಡು ಅಡಿಟಿಪ್ಪಣಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಹಾಕಬೇಡಿ. ಸಂಪುಟ ಕೈಗೆ ಸಿಗದಿದ್ದರೆ ‘ಇಂಥವರ ಪ್ರಬಂಧದ ಇಂಥ ಪುಟದಲ್ಲಿ ಉದ್ಧೃತ’ ಎಂದು ಬರೆಯಿರಿ. ಹಳೆಯ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಆದರೆ ಸ್ಕ್ಯಾನಿನ ಕಡತದ ಹೆಸರಿನಲ್ಲಿ ಸಂಪುಟದ ಸಂಖ್ಯೆ ತಪ್ಪಾಗಿರುವುದು ಮಾಮೂಲು, ಆದ್ದರಿಂದ ಒಳಗಿನ ಮುಖಪುಟ ತೆರೆದು ಸಂಪುಟ, ಇಸವಿ ಎರಡನ್ನೂ ಅಲ್ಲಿಂದಲೇ ಬರೆದುಕೊಳ್ಳಿ. ಕಡತದ ಪುಟಸಂಖ್ಯೆಗೂ ಅಚ್ಚಿನ ಪುಟಸಂಖ್ಯೆಗೂ ವ್ಯತ್ಯಾಸ ಇರುತ್ತದೆ. ಹಾಕಬೇಕಾದ್ದು ಅಚ್ಚಿನದು.